ಮರೆಗುಳಿ ಪಾರುಪತ್ಯಗಾರ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಅಡಿಕೆ ತೋಟಕ್ಕೂ ಮನೆಯಂಗಳಕ್ಕೂ ಬಾಗಿಲೆಂದರೆ ದಣಪೆ. ಎರಡು ಕಂಬಗಳ ತೂತಿನಲ್ಲಿ ಬಿದಿರ ಅಡ್ಡಗೋಲುಗಳನ್ನು ತೂರಿಸಿ ನಿಲ್ಲಿಸುವ ಈ ತಡೆಗೆ ಬೀಗವೂ ಇಲ್ಲ, ಕಾವಲೂ ಇಲ್ಲ. ಅದನ್ನು ಕಾಯುವುದು ಕಡೆಗೆ ದಾಟಿದವರು ಕೋಲು ಹಾಕಬೇಕೆಂಬ ಒಂದೇ ಒಂದು ಕಟ್ಟಳೆ. ಕೇಳಲು ಸರಳವಾದ ಈ ಕಟ್ಟಳೆ ನಡೆಸಲು ತೊಡಕಿನದು, ಏಕೆಂದರೆ ದಾಟುವವನಿಗೆ ದಾಟುವ ಹೊತ್ತಿನಲ್ಲಿ ತಾನೇ ಕಡೆಯವನೆಂಬುದು ಗೊತ್ತಿರುವುದಿಲ್ಲ. ಹಿಂದೆ ಸೊಪ್ಪಿನ ಹೊರೆ ಹೊತ್ತು ಯಾರೋ ಬರುತ್ತಿರುವುದನ್ನು ಕಂಡು ಮುಂದಿನವನು ದಣಪೆಯನ್ನು ತೆರೆದಿಟ್ಟೇ ಹೋಗುತ್ತಾನೆ. ಹೊರೆ ಹೊತ್ತವರು ಅಷ್ಟರಲ್ಲಿ ಕಾಲುಸಂಕದ ಕಡೆಗೆ ತಿರುಗಿಕೊಂಡಿರುತ್ತಾರೆ. ಸಂಜೆಯ ಹೊತ್ತಿಗೆ ಊರ ದನವೆಲ್ಲ ತೋಟದಲ್ಲಿ ಸೇರಿರುತ್ತದೆ. ಆಮೇಲೆ ಎಷ್ಟು ವಿಚಾರಣೆ ನಡೆಸಿದರೂ ತಪ್ಪಿತಸ್ಥರು ಸಿಗುವುದಿಲ್ಲ, ಏಕೆಂದರೆ ಇಬ್ಬರೂ ಕಣ್ಣಿಗೆ ಕಂಡದ್ದನ್ನು ನಂಬಿ ತಕ್ಕದ್ದನ್ನೇ ಮಾಡಿದವರು. ತಪ್ಪು ಅಡಗಿ ಕುಳಿತದ್ದು ನೋಡಿದ ಗಳಿಗೆಗೂ ನಡೆದ ಗಳಿಗೆಗೂ ನಡುವಿನ ಸಂದಿಯಲ್ಲಿ.

ಗಣಕ ವಿಜ್ಞಾನದಲ್ಲಿ ಈ ಬಗೆಯ ದೋಷಕ್ಕೆ ರೇಸ್ ಕಂಡಿಷನ್ ಎಂದು ಹೆಸರು. ಒಂದೇ ವಸ್ತುವಿನ ಮೇಲೆ ಎರಡು ಕೆಲಸಗಳು ಒಟ್ಟೊಟ್ಟಿಗೆ ಸಾಗುತ್ತಿದ್ದು, ಯಾವುದರ ಯಾವ ಹೆಜ್ಜೆ ಮೊದಲು ಬಿತ್ತೆಂಬುದರ ಮೇಲೆ ಫಲದ ಸರಿತಪ್ಪು ನಿಂತಿದ್ದು, ಆ ಕ್ರಮವನ್ನು ನಿಶ್ಚಯಿಸುವವರು ಯಾರೂ ಇಲ್ಲದಿದ್ದರೆ ಅಲ್ಲಿ ರೇಸ್ ಇದೆಯೆಂದು ತಿಳಿಯಬೇಕು. 1954ರ ಹೊತ್ತಿಗಾಗಲೇ, ಡೇವಿಡ್ ಹಫ್‌ಮನ್ ವಿದ್ಯುನ್ಮಂಡಲಗಳನ್ನು ಕುರಿತು ಬರೆದ ಡಾಕ್ಟರೇಟ್ ಪ್ರಬಂಧದಲ್ಲಿಯೇ ಈ ಮಾತು ಬಳಕೆಯಾಗಿತ್ತು. ಹೆಸರಿನಲ್ಲಿ ಓಟವಿದ್ದರೂ ಇದು ವೇಗದಿಂದ ಹುಟ್ಟಿದ ದೋಷವಲ್ಲ. ಓಡುವವು ಎರಡು ಆಮೆಗಳಾದರೂ ಅದು ಇದ್ದೇ ಇರುತ್ತದೆ, ವೇಗ ಹೆಚ್ಚಿದಂತೆ ಹೊರಬೀಳುವ ಸಂದರ್ಭಗಳು ಹೆಚ್ಚುತ್ತವೆ ಅಷ್ಟೆ. ಥೆರಾಕ್–25 ಎಂಬ ವಿಕಿರಣ ಚಿಕಿತ್ಸಾ ಯಂತ್ರ 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಸುರಿದಾಗ, ಕಾರಣಗಳಲ್ಲಿ ಒಂದಾಗಿ ಕಂಡುಬಂದದ್ದು, ಯಂತ್ರ ತನ್ನ ಭಾಗಗಳನ್ನು ಹೊಂದಿಸಿಕೊಳ್ಳುವ ಮೊದಲೇ ತೆರೆಯ ಮೇಲಿನ ವಿವರವನ್ನು ತಿದ್ದಿ ಮುಗಿಸುವಷ್ಟು ಪಳಗಿದ್ದ ನಿರ್ವಾಹಕರ ಬೆರಳುಗಳು. ಹೊಸಬರ ತಡವರಿಕೆಯಲ್ಲಿ ಅಡಗಿದ್ದ ದೋಷ ಕುಶಲರ ಕೈಯಲ್ಲಿ ಹೊರಬಿತ್ತು.

ಈ ದೋಷದ ಸ್ವಭಾವವನ್ನು ಬಿಡಿಸಿ ನೋಡಲು ನೆಟ್‌ವರ್ಕ್ ಫೈಲ್ ಸಿಸ್ಟಮ್, ಅಂದರೆ ಎನ್‌ಎಫ್‌ಎಸ್, ತಕ್ಕ ಜಾಗ. ಯಂತ್ರದ ಪ್ರೊಸೆಸರು, ಸ್ಮೃತಿ, ಡಿಸ್ಕುಗಳನ್ನು ಎಲ್ಲ ತಂತ್ರಾಂಶಗಳಿಗೂ ಹಂಚಿಕೊಡುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದೂ, ಅದರ ಒಳತಿರುಳಿಗೆ ಕರ್ನಲ್ ಎಂದೂ, ಡಿಸ್ಕಿನ ಮೇಲಿನ ಬರಿಯ ಅಂಕಿಗಳನ್ನು ಹೆಸರುಳ್ಳ ಕಡತಗಳಾಗಿ ಕಾಣಿಸುವ ಅದರ ಅಂಗಕ್ಕೆ ಫೈಲ್ ಸಿಸ್ಟಮ್ ಎಂದೂ ಹೆಸರು. ಸಿದ್ದಾಪುರ ಕಡೆಯ ಮನ್ಮನೆಯಂಥ ಊರಿನ ಸಹಕಾರಿ ಸಂಘವೊಂದರಲ್ಲಿ ಮೂರು ಗಣಕಗಳಿದ್ದು, ಸದಸ್ಯರ ಲೆಕ್ಕವೆಲ್ಲ ಒಳಕೋಣೆಯ ಒಂದರಲ್ಲಿಯೇ ಇದೆಯೆಂದು ಊಹಿಸಿಕೊಂಡರೆ, ಹೊರಗಿನ ಎರಡರ ಮುಂದೆ ಕುಳಿತವರಿಗೂ ಆ ಲೆಕ್ಕ ತಮ್ಮ ಯಂತ್ರದಲ್ಲಿಯೇ ಇರುವಂತೆ ತೋರಿಸುವುದು ಎನ್‌ಎಫ್‌ಎಸ್‌ನ ಕೆಲಸ. ಕಡತ ಇಟ್ಟುಕೊಂಡ ಯಂತ್ರ ಸರ್ವರ್, ಬೇಡಿ ಪಡೆಯುವ ಯಂತ್ರ ಕ್ಲೈಂಟ್. ಕ್ಯಾಲಿಫೋರ್ನಿಯದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರ ಸುಮಾರಿಗೆ ಇದನ್ನು ರೂಪಿಸಿತು. ಕಂಪನಿಯ ಹೊರಗೆ ಹೋದ ಮೊದಲ ಆವೃತ್ತಿ ಎರಡನೆಯದು, ಅದರ ನಿಯಮಾವಳಿ 1989ರಲ್ಲಿ ಪ್ರಕಟವಾಯಿತು. ಮೂರನೆಯದರದು 1995ರಲ್ಲಿ, ನಾಲ್ಕನೆಯದರದು 2000ದಲ್ಲಿ ಬಂತು.

ಆ ಎರಡನೆಯ ಆವೃತ್ತಿಯ ಸರ್ವರನ್ನು ಮರೆಗುಳಿ ಪಾರುಪತ್ಯಗಾರನೆಂದು ಕರೆದರೆ ಅದರ ಗುಣದೋಷಗಳೆರಡೂ ಒಂದೇ ಮಾತಿನಲ್ಲಿ ಬಂದಂತಾಗುತ್ತದೆ. ಯಾವ ಕ್ಲೈಂಟ್ ಯಾವ ಕಡತವನ್ನು ತೆರೆದಿದೆ, ಎಲ್ಲಿಯವರೆಗೆ ಓದಿದೆ ಎಂಬ ಯಾವ ಸಂಗತಿಯನ್ನೂ ಅದು ನೆನಪಿನಲ್ಲಿಡುತ್ತಿರಲಿಲ್ಲ. ಬೇಕಾದ ವಿವರವೆಲ್ಲ ಪ್ರತಿ ಕೋರಿಕೆಯೊಳಗೇ ಅಡಕವಾಗಿರಬೇಕಿತ್ತು, ಕೋರಿಕೆ ತೀರಿದೊಡನೆ ಸರ್ವರಿಗೆ ಅದು ಮರೆತುಹೋಗುತ್ತಿತ್ತು. ಸ್ಟೇಟ್‌ಲೆಸ್ ಎಂದು ಕರೆಯುವ ಈ ಮರೆವನ್ನು ರಚನೆಕಾರರು ಬೇಕೆಂದೇ ಆರಿಸಿಕೊಂಡಿದ್ದರು. ಜುಲೈ ತಿಂಗಳ ಮಳೆಗಾಳಿಗೆ ಮರ ಬಿದ್ದು ಕರೆಂಟು ಹೋಗಿ ಬರುವ ಮಲೆನಾಡಿನ ಊರಲ್ಲಿ ಈ ಆಯ್ಕೆಯ ಜಾಣತನವನ್ನು ಯಾರಿಗೂ ವಿವರಿಸಬೇಕಾಗಿಲ್ಲ: ನೆನಪೇ ಇಲ್ಲದವನಿಗೆ ಕಳೆದುಕೊಳ್ಳಲು ನೆನಪೂ ಇರುವುದಿಲ್ಲವಾದ್ದರಿಂದ, ಸರ್ವರ್ ಆರಿ ಮತ್ತೆ ಎದ್ದರೆ ಏನನ್ನೂ ಸರಿಪಡಿಸಿಕೊಳ್ಳಬೇಕಿರಲಿಲ್ಲ. ಕ್ಲೈಂಟ್ ಮಾತ್ರ ಉತ್ತರ ಬರುವ ತನಕ ಅದೇ ಕೋರಿಕೆಯನ್ನು ಮತ್ತೆ ಮತ್ತೆ ಕಳಿಸುತ್ತಿರಬೇಕಿತ್ತು, ಸಿಗ್ನಲ್ ಸಿಗದ ಕಣಿವೆಯಲ್ಲಿ ನಿಂತವರು ಫೋನಿಗೆ ‘ಕೇಳಿಸ್ತಾ, ಕೇಳಿಸ್ತಾ’ ಎನ್ನುತ್ತ ಒಂದೇ ಮಾತನ್ನು ನಾಲ್ಕು ಸಲ ಹೇಳುವ ಹಾಗೆ.

ಆದರೆ ನಾಲ್ಕು ಸಲ ಹೇಳಿದರೂ ಕೆಡದಿರುವ ಕೆಲಸಗಳಿಗಷ್ಟೇ ಈ ಪದ್ಧತಿ ಒಗ್ಗುತ್ತದೆ. ‘ಹತ್ತನೆಯ ಪುಟ ಓದಿಕೊಡು’ ಎಂದು ಎಷ್ಟು ಸಲ ಕೇಳಿದರೂ ಬಾಧಕವಿಲ್ಲ. ‘ಈ ಹೆಸರಿನ ಕಡತ ಇಲ್ಲದಿದ್ದರೆ ಮಾತ್ರ ಹುಟ್ಟಿಸು’ ಎಂಬುದು ಆ ಜಾತಿಯ ಕೆಲಸವಲ್ಲ, ಏಕೆಂದರೆ ಎರಡನೆಯ ಸಲ ಹೇಳುವಾಗ ಕಡತ ಇದ್ದುಬಿಟ್ಟಿರುತ್ತದೆ. ಅದೇ ಕೆಲಸ ಎಲ್ಲರಿಗೂ ಬೇಕಾಗಿದ್ದದ್ದು ಸಂಕಟಕ್ಕೆ ಮೂಲವಾಯಿತು. ಒಂದು ಲೆಕ್ಕವನ್ನು ಇಬ್ಬರು ಏಕಕಾಲಕ್ಕೆ ತಿದ್ದದಿರಲೆಂದು ತಿದ್ದುವವರು ಮೊದಲು ಲಾಕ್‌ಫೈಲ್ ಎಂಬ ಖಾಲಿ ಕಡತವೊಂದನ್ನು ಹುಟ್ಟಿಸುವುದು, ಮುಗಿದ ಮೇಲೆ ಅಳಿಸುವುದು, ಅದು ಕಂಡರೆ ಉಳಿದವರು ಕಾಯುವುದು ಹಳೆಯ ರೂಢಿ. ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಹಾಕುವ ಶಾಸ್ತ್ರಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಟವೆಲಿಗೆ ಬೆಲೆಯಿಲ್ಲ, ಅದು ಅಲ್ಲಿದೆಯೆಂಬುದಕ್ಕೆ ಬೆಲೆ. ಎರಡನೆಯ ಆವೃತ್ತಿಯ ಎನ್‌ಎಫ್‌ಎಸ್‌ನಲ್ಲಾದರೋ ಸೀಟು ಖಾಲಿಯಿದೆಯೇ ಎಂದು ಕೇಳುವುದು ಒಂದು ಕೋರಿಕೆ, ಟವೆಲ್ ಹಾಕುವುದು ಇನ್ನೊಂದು ಕೋರಿಕೆಯಾಗಿತ್ತು. ಇಬ್ಬರೂ ಕೇಳಿ, ಇಬ್ಬರಿಗೂ ‘ಖಾಲಿಯಿದೆ’ ಎಂಬ ನಿಜವಾದ ಉತ್ತರವೇ ಸಿಕ್ಕಿ, ಇಬ್ಬರೂ ಟವೆಲ್ ಹಾಕಿದರೆ, ಒಂದೇ ಸೀಟಿನ ಮೇಲೆ ಇಬ್ಬರು ಹಕ್ಕುದಾರರಾಗುತ್ತಿದ್ದರು. ಜಗಳವಾಡಲು ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲವೆಂಬುದೇ ಬಸ್ಸಿಗೂ ಇದಕ್ಕೂ ಇದ್ದ ವ್ಯತ್ಯಾಸ.

ಇಂಥ ದೋಷ ಕಂಡಾಗ ತಂತ್ರಾಂಶ ಬರೆಯುವವರ ಕೈ ಮೊದಲು ಹೋಗುವುದು ಕಾಯುವಿಕೆಯ ಕಡೆಗೆ: ಕೇಳಿದ ಮೇಲೆ ಅರ್ಧ ಸೆಕೆಂಡು ತಡೆದು ಇನ್ನೊಮ್ಮೆ ಕೇಳು ಎಂಬ ಸಾಲೊಂದನ್ನು ಸೇರಿಸಿದರೆ ಪರೀಕ್ಷೆಯಲ್ಲಿ ದೋಷ ಮಾಯವಾಗುತ್ತದೆ, ಸಂದಿ ಮಾತ್ರ ಇದ್ದಲ್ಲೇ ಇರುತ್ತದೆ. ಸರಿಯಾದ ಪರಿಹಾರಕ್ಕೆ ನೋಡುವುದನ್ನೂ ಮಾಡುವುದನ್ನೂ ನಡುವೆ ಯಾರೂ ತೂರದಂತೆ ಒಂದೇ ಕ್ರಿಯೆಯಾಗಿ ಬೆಸೆಯಬೇಕು; ಹೀಗೆ ಒಡೆಯಲಾರದ ಕ್ರಿಯೆಗೆ ಅಟಾಮಿಕ್ ಎಂಬ ವಿಶೇಷಣವಿದೆ. ಹಳೆಯ ಎನ್‌ಎಫ್‌ಎಸ್‌ನ ಅಲ್ಪ ಶಬ್ದಭಂಡಾರದಲ್ಲಿಯೂ ಅಂಥದ್ದೊಂದು ಕ್ರಿಯೆಯಿತ್ತು. ಲಿಂಕ್ ಎಂಬ ಆ ಕ್ರಿಯೆ ಇರುವ ಕಡತಕ್ಕೆ ಎರಡನೆಯ ಹೆಸರೊಂದನ್ನು ಕೊಡುತ್ತದೆ, ಆ ಹೆಸರು ಆಗಲೇ ಬಳಕೆಯಲ್ಲಿದ್ದರೆ ಒಲ್ಲೆನೆನ್ನುತ್ತದೆ. ಇದನ್ನು ಬಳಸಿ ಕಟ್ಟಿದ ಉಪಾಯ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನ ಕೈಪಿಡಿಯಲ್ಲಿ ಇಂದಿಗೂ ಇದೆ. ಕ್ಲೈಂಟ್ ಮೊದಲು ತನ್ನ ಯಂತ್ರದ ಹೆಸರು ಮತ್ತು ಕೆಲಸದ ಸಂಖ್ಯೆಗಳನ್ನು ಸೇರಿಸಿ, ಬೇರೆ ಯಾರೂ ಇಡಲಾರದ ಹೆಸರಿನ ಸ್ವಂತ ಕಡತವೊಂದನ್ನು ಹುಟ್ಟಿಸಬೇಕು; ಆಮೇಲೆ ಅದಕ್ಕೆ ಲಾಕ್‌ಫೈಲಿನ ಹೆಸರನ್ನು ಎರಡನೆಯ ಹೆಸರಾಗಿ ಲಿಂಕ್ ಮಾಡಲು ಕೋರಬೇಕು. ಟವೆಲಿನ ಅಂಚಿಗೆ ಹೆಸರು ಹೊಲಿದು ತಂದವರು ಇವರು.

ಉಪಾಯದ ಸೊಗಸು ಇನ್ನೂ ಮುಂದಿದೆ. ಲಿಂಕ್ ಮಾಡಿದ ಸರ್ವರ್ ‘ಆಯಿತು’ ಎಂದು ಕಳಿಸಿದ ಉತ್ತರ ದಾರಿಯಲ್ಲಿ ಕಳೆದುಹೋಗಬಹುದು. ಉತ್ತರ ಕಾಣದ ಕ್ಲೈಂಟ್ ಅದೇ ಕೋರಿಕೆಯನ್ನು ಮತ್ತೆ ಕಳಿಸುತ್ತದೆ. ಮರೆಗುಳಿ ಸರ್ವರ್ ಅದನ್ನು ಹೊಸ ಕೋರಿಕೆಯೆಂದೇ ಬಗೆದು, ಆ ಹೆಸರು ಈಗಾಗಲೇ ಇದೆಯೆಂದು ನಿರಾಕರಿಸುತ್ತದೆ. ಕಿಟಕಿಯಿಂದ ಟವೆಲ್ ಹಾಕಿ, ಜನರನ್ನು ನೂಕಿಕೊಂಡು ಒಳಗೆ ಬಂದು, ಸೀಟಿನ ಮೇಲೆ ಯಾರದೋ ಟವೆಲ್ ಇದೆಯೆಂದು ನಿಟ್ಟುಸಿರು ಬಿಟ್ಟು, ತನ್ನದೇ ಟವೆಲಿಗೆ ಸೋತು ಸಿದ್ದಾಪುರದ ತನಕ ನಿಂತೇ ಹೋಗುವ ಪ್ರಯಾಣಿಕನ ಅವಸ್ಥೆ ಇದು. ಆದ್ದರಿಂದ ಕೈಪಿಡಿ ಹೇಳುವ ಕೊನೆಯ ಹೆಜ್ಜೆಯಲ್ಲಿ, ನಿರಾಕರಣೆ ಬಂದಾಗ ಅದನ್ನು ನಂಬದೆ, ತನ್ನ ಸ್ವಂತ ಕಡತಕ್ಕೆ ಈಗ ಎಷ್ಟು ಹೆಸರುಗಳಿವೆಯೆಂದು ಎಣಿಸಿ ನೋಡಬೇಕು. ಎಣಿಕೆ 2 ಆಗಿದ್ದರೆ, ಸರ್ವರ್ ಏನೇ ಅಂದಿರಲಿ, ಬೀಗ ಸಿಕ್ಕಿದೆ. ಬಾಯಿಮಾತು ಹಾದಿಯಲ್ಲಿ ಕೆಡುವ ಜಗತ್ತಿನಲ್ಲಿ ಉತ್ತರಕ್ಕಿಂತ ಫಲವೇ ಹೆಚ್ಚಿನ ಪ್ರಮಾಣವೆಂಬ ನ್ಯಾಯ ಇದರಲ್ಲಿ ಅಡಗಿದೆ.

ಮೂರನೆಯ ಆವೃತ್ತಿ ಈ ಸುತ್ತುಬಳಸನ್ನು ನೇರಗೊಳಿಸಿತು. ‘ಇಲ್ಲದಿದ್ದರೆ ಮಾತ್ರ ಹುಟ್ಟಿಸು’ ಎಂಬ ಕೋರಿಕೆ ನಿಯಮಾವಳಿಯಲ್ಲಿಯೇ ಸೇರಿತು, ಕೋರಿಕೆಯ ಜೊತೆಗೆ ಕ್ಲೈಂಟ್ 8 ಬೈಟ್‌ಗಳ ಗುರುತೊಂದನ್ನು ಕಳಿಸುವ ಕ್ರಮ ಬಂತು. ಸರ್ವರ್ ಆ ಗುರುತನ್ನು ಕಡತದೊಡನೆ, ಕರೆಂಟು ಹೋದರೂ ಅಳಿಯದ ಕಡೆ ಬರೆದಿಡುತ್ತದೆ. ಅದೇ ಹೆಸರಿಗೆ ಎರಡನೆಯ ಕೋರಿಕೆ ಬಂದಾಗ ಗುರುತು ಹೊಂದಿದರೆ ಅದು ಹಳಬರ ಮರುಮಾತೆಂದು ತಿಳಿದು ‘ಆಯಿತು’ ಎನ್ನುತ್ತದೆ, ಹೊಂದದಿದ್ದರೆ ಬೇರೆಯವರೆಂದು ತಿಳಿದು ‘ಇಲ್ಲ’ ಎನ್ನುತ್ತದೆ. ಮಂಡಿಗೆ ಹೋಗುವ ಅಡಿಕೆ ಚೀಲದ ಮೇಲೆ ಬೆಳೆಗಾರನ ಗುರುತು ಬರೆದಿದ್ದರೆ ಯಾರ ಚೀಲವೆಂದು ಹಮಾಲಿ ನೆನಪಿಟ್ಟುಕೊಳ್ಳಬೇಕಾಗುವುದಿಲ್ಲ. ಪಾರುಪತ್ಯಗಾರ ಮರೆಗುಳಿಯಾಗಿಯೇ ಉಳಿದ, ಮರೆಯಬಾರದ್ದನ್ನು ಮಾತ್ರ ವಸ್ತುವಿನ ಮೇಲೆಯೇ ಬರೆದಿಡಲು ಕಲಿತ. ಇತ್ತ ಕ್ಲೈಂಟಿನದು ಇದಕ್ಕೆ ವಿರುದ್ಧವಾದ ರೋಗ. ಪ್ರತಿ ಸಲ ಸರ್ವರನ್ನು ಕೇಳುವ ಶ್ರಮ ಉಳಿಸಲು ಅದು ಕಡತದ ಅಳತೆ, ತಿದ್ದಿದ ಹೊತ್ತು ಮೊದಲಾದ ಲಕ್ಷಣಗಳನ್ನು ತನ್ನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಲಿನಕ್ಸಿನ ರೂಢಿಯಂತೆ 3ರಿಂದ 60 ಸೆಕೆಂಡುಗಳ ತನಕ ಅದನ್ನೇ ನಂಬುತ್ತದೆ. ಅಷ್ಟರಲ್ಲಿ ಪಕ್ಕದ ಯಂತ್ರ ಕಡತವನ್ನು ತಿದ್ದಿದ್ದರೆ ಈ ನೆನಪು ಹಳಸಿರುತ್ತದೆ. ಕಡತ ಮುಚ್ಚುವಾಗ ಬರೆದದ್ದನ್ನೆಲ್ಲ ಸರ್ವರಿಗೆ ಒಪ್ಪಿಸಬೇಕು, ತೆರೆಯುವಾಗ ಹೊಸದಾಗಿ ವಿಚಾರಿಸಬೇಕು ಎಂಬ ಒಡಂಬಡಿಕೆಯಿಂದ ಇದು ಬಹುಮಟ್ಟಿಗೆ ಹದಕ್ಕೆ ಬಂದಿತಾದರೂ, ಮರೆವಿಗೆ ಮದ್ದು ಕೊಟ್ಟಷ್ಟು ಸುಲಭವಾಗಿ ಹಳಸಿದ ನೆನಪಿಗೆ ಮದ್ದು ಸಿಗಲಿಲ್ಲ.

ಇಲ್ಲಿಯ ತನಕ ಹೇಳಿದ್ದು ಎರಡು ಯಂತ್ರಗಳ ನಡುವಿನ ಸಂಗತಿ. ಒಂದೇ ಯಂತ್ರದ ಕರ್ನಲ್ಲಿನೊಳಗೆ ಹಲವು ಪ್ರೊಸೆಸರುಗಳು ಒಂದೇ ಸ್ಮೃತಿಯನ್ನು ತಡಕಾಡುವಾಗ ದಣಪೆಯ ಕಟ್ಟಳೆ ಅಕ್ಷರಶಃ ಮರಳಿ ಬರುತ್ತದೆ. ಸರ್ವರಿನೊಡನೆ ಸಂಪರ್ಕವಿರುವ ತನಕ ಲಿನಕ್ಸಿನ ಎನ್‌ಎಫ್‌ಎಸ್ ಕ್ಲೈಂಟ್ ಅದರ ವಿವರದ ಪುಟವೊಂದನ್ನು ಸ್ಮೃತಿಯಲ್ಲಿಟ್ಟು, ಅದನ್ನು ಬಳಸುತ್ತಿರುವವರ ಎಣಿಕೆಯನ್ನೂ ಇಟ್ಟಿರುತ್ತದೆ. ಬಂದವರು ಒಂದು ಕೂಡಿಸುತ್ತಾರೆ, ಹೋಗುವವರು ಒಂದು ಕಳೆಯುತ್ತಾರೆ, ಎಣಿಕೆಯನ್ನು ಸೊನ್ನೆಗೆ ಮುಟ್ಟಿಸಿದವರು ಕಡೆಯವರಾದ್ದರಿಂದ ಪುಟವನ್ನು ಅಳಿಸಿ ಜಾಗ ಬಿಟ್ಟುಕೊಡುತ್ತಾರೆ. ಕಡೆಯವನು ಸೊನ್ನೆ ಮಾಡಿ ಅಳಿಸಲು ಕೈಯೆತ್ತುವಷ್ಟರಲ್ಲಿ ಹೊಸಬನೊಬ್ಬ ಇಂಥ ಪುಟಗಳ ಪಟ್ಟಿಯಲ್ಲಿ ಆ ಪುಟವನ್ನು ಕಂಡು ಒಂದು ಕೂಡಿಸಿದನೆಂದರೆ, ಮರುಕ್ಷಣ ಅವನು ಹಿಡಿದಿರುವುದು ಅಳಿದುಹೋದ ಪುಟವಾಗಿರುತ್ತದೆ, ಯಂತ್ರ ಕುಸಿಯುತ್ತದೆ. ಇದರ ದುರಸ್ತಿಗೆ ಕರ್ನಲ್ಲಿನಲ್ಲಿ ಎರಡು ಸಿದ್ಧ ಉಪಕರಣಗಳಿವೆ. ಎಣಿಕೆಯನ್ನು ಸೊನ್ನೆ ಮಾಡುವುದನ್ನೂ ಪಟ್ಟಿಗೆ ಬೀಗ ಹಾಕುವುದನ್ನೂ ಒಂದೇ ಉಸಿರಿನಲ್ಲಿ ನಡೆಸುವುದು ಒಂದು. ಎಣಿಕೆ ಸೊನ್ನೆಯಾಗಿಲ್ಲದಿದ್ದರೆ ಮಾತ್ರ ಒಂದು ಕೂಡಿಸುವುದು, ಆಗಿದ್ದರೆ ಆ ಪುಟ ತನಗೆ ಕಾಣಲೇ ಇಲ್ಲವೆಂಬಂತೆ ಮುಂದೆ ಹೋಗುವುದು ಇನ್ನೊಂದು.

ಹೀಗೆ ಮಾಡುವ ತಿದ್ದುಪಡಿಗೆ ಪ್ಯಾಚ್, ಅಂದರೆ ತೇಪೆ, ಎಂದು ಹೆಸರಿದ್ದು, ರೇಸ್ ದುರಸ್ತಿಯ ತೇಪೆಗಳಲ್ಲಿ ಬದಲಾದ ಸಾಲುಗಳಿಗಿಂತ ವಿವರಣೆಯೇ ಉದ್ದವಾಗಿರುವುದುಂಟು. ಆ ವಿವರಣೆಯಲ್ಲಿ ಅನೇಕ ವೇಳೆ, ಸಂಘದ ಕಿರ್ದಿಯಲ್ಲಿ ಜಮಾ ಒಂದು ಕಡೆ, ಖರ್ಚು ಇನ್ನೊಂದು ಕಡೆ ಬರೆದಂತೆ, ಒಂದನೆಯ ಪ್ರೊಸೆಸರು ಎಡಕ್ಕೆ, ಎರಡನೆಯದು ಬಲಕ್ಕೆ, ಹೊತ್ತು ಮೇಲಿನಿಂದ ಕೆಳಕ್ಕೆ ಎಂಬ ಕ್ರಮದ ಎರಡು ಅಂಕಣಗಳಿರುತ್ತವೆ. ಎಡದ ಎರಡು ಸಾಲುಗಳ ನಡುವೆ ಬಲದ ಒಂದು ಸಾಲು ತೂರಿಕೊಂಡ ಜಾಗವೇ ಅಪರಾಧದ ಸ್ಥಳ. ಆ ಸ್ಥಳವನ್ನು ಹುಡುಕುವವರು ಪ್ರಯೋಗಕ್ಕಿಂತ ತರ್ಕವನ್ನೇ ಹೆಚ್ಚು ನೆಚ್ಚಬೇಕಾಗುತ್ತದೆ, ಏಕೆಂದರೆ ಎಲ್ಲಿ ಏನಾಯಿತೆಂದು ತಿಳಿಯಲು ಮುದ್ರಣದ ಸಾಲುಗಳನ್ನು ಸೇರಿಸಿದರೆ ಆ ಸಾಲುಗಳೇ ಕೆಲಸವನ್ನು ತುಸು ನಿಧಾನಿಸಿ, ಹೆಜ್ಜೆಗಳ ಕ್ರಮ ಬದಲಾಗಿ, ದೋಷ ತಲೆಮರೆಸಿಕೊಳ್ಳುತ್ತದೆ.

ಯಂತ್ರದ ಹೊರಗೆ, ಕಾಗದಪತ್ರಗಳ ಲೋಕದಲ್ಲಿಯೂ ಇದೇ ಸಂದಿ ಇದೆ. ಜಮೀನು ಕೊಳ್ಳುವವರು ಇಂದು ಋಣಭಾರ ಪತ್ರ ತೆಗೆಸಿ, ಸಾಲಸೋಲವಿಲ್ಲವೆಂದು ಕಂಡು, ವಾರದ ಮೇಲೆ ನೋಂದಣಿಗೆ ಹೋಗುತ್ತಾರೆ. ಆ ವಾರದಲ್ಲಿ ನಡೆದದ್ದು ಕೈಯಲ್ಲಿರುವ ಪತ್ರಕ್ಕೆ ಗೊತ್ತಿರುವುದಿಲ್ಲ. ಕರ್ನಾಟಕದಲ್ಲಿ 2000ದ ಹೊತ್ತಿಗೆ ಬಂದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗಬೇಕೆಂಬ ಕಟ್ಟನ್ನು ತಂತ್ರಾಂಶದೊಳಗೇ ಹೂಡಿತು. ಯಾರ ಅರ್ಜಿ ಮೊದಲೆಂಬುದನ್ನು ಗುಮಾಸ್ತರ ಮರ್ಜಿಯಿಂದ ಕಿತ್ತು ಒಂದು ಸಾಲಿಗೆ ಒಪ್ಪಿಸಿದ್ದೇ ಅದರ ದೊಡ್ಡ ಕೆಲಸ. ಅಡಿಕೆ ಮಾರುಕಟ್ಟೆಯ ಟೆಂಡರಿನ ದಾರಿ ಬೇರೆ. ಶಿರಸಿಯಲ್ಲಿ 1923ರಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘ ಬೆಳೆದ ಈ ಸೀಮೆಯಲ್ಲಿ ರಾಶಿ, ಚಾಲಿ ಎಂಬ ಬಗೆಯ ಅಡಿಕೆಗಳ ಟೆಂಡರು ಎಲ್ಲರಿಗೂ ಗೊತ್ತು: ಬೆಲೆ ಬರೆದವರು ಹತ್ತು ಗಂಟೆಗೆ ಬರೆದರೋ ಹನ್ನೊಂದಕ್ಕೆ ಬರೆದರೋ ಯಾರೂ ಕೇಳುವುದಿಲ್ಲ, ಎಲ್ಲ ದರಗಳೂ ಒಂದೇ ಹೊತ್ತಿಗೆ ತೆರೆದು ಹೆಚ್ಚಿನದಕ್ಕೆ ಮಾಲು ಹೋಗುತ್ತದೆ. ಓಟದ ಕ್ರಮವನ್ನು ನಿಶ್ಚಯಿಸುವುದು ಭೂಮಿಯ ಉಪಾಯವಾದರೆ, ಕ್ರಮಕ್ಕೆ ಬೆಲೆಯೇ ಇಲ್ಲದಂತೆ ಮಾಡುವುದು ಟೆಂಡರಿನ ಉಪಾಯ. ತಂತ್ರಾಂಶ ಬರೆಯುವವರು ಎರಡನ್ನೂ ಬಳಸುತ್ತಾರೆ, ಸಾಧ್ಯವಾದಲ್ಲೆಲ್ಲ ಎರಡನೆಯದನ್ನೇ ಬಯಸುತ್ತಾರೆ, ಏಕೆಂದರೆ ಅಲ್ಲಿ ಯಾರೂ ಸರದಿಯಲ್ಲಿ ಕಾಯಬೇಕಿಲ್ಲ.

ಬೀಗಗಳ ವಿಷಯದಲ್ಲಿ ಮಾತ್ರ ಕಾಯದೆ ವಿಧಿಯಿಲ್ಲ, ಕೊಟ್ಟದ್ದನ್ನು ನೆನಪಿಡದೆ ಗತಿಯೂ ಇಲ್ಲ. ಹಳೆಯ ಆವೃತ್ತಿಗಳಲ್ಲಿ ಬೀಗದ ಕೆಲಸವನ್ನು ನೆನಪಿರುವ ಬೇರೊಬ್ಬ ಸಹಾಯಕನಿಗೆ ವಹಿಸಲಾಗಿತ್ತು. ಅವನು ಕೊಟ್ಟ ಬೀಗಕ್ಕೆ ಅವಧಿಯಿರಲಿಲ್ಲವಾದ್ದರಿಂದ, ಹಿಡಿದ ಕ್ಲೈಂಟ್ ಸತ್ತು ಮರಳಿ ಬಾರದೆ ಹೋದರೆ ಬೀಗ ಹಾಗೆಯೇ ಬಿದ್ದಿರುತ್ತಿತ್ತು. ಕನ್ನಡ ಜಿಲ್ಲೆಯ ಹಳೆಯ ಭೂಪತ್ರಗಳ ಮಾತಿನಲ್ಲಿ ಹೇಳುವುದಾದರೆ ಅದು ಮೂಲಗೇಣಿ, ಅಂದರೆ ಕಾಲಮಿತಿಯಿಲ್ಲದ ಹಿಡುವಳಿ. ನಾಲ್ಕನೆಯ ಆವೃತ್ತಿ ಅದನ್ನು ಚಾಲಗೇಣಿ ಮಾಡಿತು: ಬೀಗವನ್ನೂ ತೆರೆದ ಕಡತದ ಲೆಕ್ಕವನ್ನೂ ಸರ್ವರ್ ತಾನೇ ನೆನಪಿಡುತ್ತದೆ, ಆದರೆ ಅವಧಿಗೆ ಒಪ್ಪಿಸಿ, ಲಿನಕ್ಸಿನಲ್ಲಿ ಆ ಅವಧಿ ವಾಡಿಕೆಯಂತೆ 90 ಸೆಕೆಂಡು. ಅಷ್ಟರೊಳಗೆ ಕ್ಲೈಂಟ್ ಒಮ್ಮೆಯಾದರೂ ಮಾತಾಡಿಸಿದರೆ ಗೇಣಿ ಮುಂದುವರಿಯುತ್ತದೆ, ಸುಮ್ಮನಿದ್ದರೆ ಹಕ್ಕು ತೀರುತ್ತದೆ.

ಹಾಗಾದರೆ ನೆನಪು ಹೊತ್ತ ಪಾರುಪತ್ಯಗಾರನಿಗೆ ಕರೆಂಟು ಹೋದರೇನು ಗತಿಯೆಂಬ ಮೊದಲಿನ ಪ್ರಶ್ನೆ ಮತ್ತೆ ಎದುರಾಗುತ್ತದೆ. ಇದಕ್ಕೆ ಎನ್‌ಎಫ್‌ಎಸ್ ಕಂಡುಕೊಂಡ ಉತ್ತರ 7ನೇ ನಮೂನೆಯ ನೆನಪಿರುವ ಮಲೆನಾಡಿನ ಹಿರಿಯರಿಗೆ ಹೊಸದೆನಿಸಲಾರದು. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳು ಸರ್ಕಾರದಲ್ಲಿ ನಿಹಿತವಾದುವು. ಅದಕ್ಕೆ ಮೊದಲು ಉಳುತ್ತಿದ್ದವರು ಆ ನಮೂನೆಯಲ್ಲಿ ಅರ್ಜಿ ಬರೆದು ಹಕ್ಕು ಹೇಳಿಕೊಳ್ಳಲು ಕೊಟ್ಟ ಗಡುವು, ಮುಂದೆ ಮುಂದೆ ಹೋಗಿ, 1979ರ ಜೂನ್ 30ಕ್ಕೆ ಮುಗಿಯಿತು. ಆರಿ ಎದ್ದ ಸರ್ವರ್ ಕೂಡ ಮೊದಲು ಇಂಥದೇ ಒಂದು ಗಡುವನ್ನು ಸಾರುತ್ತದೆ, ವರ್ಷಗಳದ್ದಲ್ಲ, ಸೆಕೆಂಡುಗಳದ್ದು. ಆ ಅವಧಿಯಲ್ಲಿ ಅದು ಯಾರಿಗೂ ಹೊಸ ಬೀಗ ಕೊಡುವುದಿಲ್ಲ. ಹಿಂದೆ ಹಿಡಿದಿದ್ದವರು ಬಂದು ‘ಇದು ನನ್ನದಾಗಿತ್ತು’ ಎಂದರೆ ಬರೆದುಕೊಳ್ಳುತ್ತದೆ, ಗಡುವು ತೀರಿದ ಮೇಲೆ ಉಳಿದದ್ದನ್ನು ಹೊಸಬರಿಗೆ ತೆರೆಯುತ್ತದೆ. ಮೊದಲ ಪಾರುಪತ್ಯಗಾರನೂ ಮರೆಗುಳಿ, ಇವನೂ ಮರೆಗುಳಿಯೇ. ಆದರೆ ತಾನು ಮರೆತಿದ್ದೇನೆ ಎಂಬುದು ಇವನಿಗೆ ನೆನಪಿದೆ, ಅದಕ್ಕಾಗಿಯೇ ಎದ್ದೊಡನೆ ಹಳಬರನ್ನು ಕೇಳುತ್ತಾನೆ.